ಚಿಮಣಿಯಿಂದ ಒಲೆಯ ಮೇಲೆ ಜಿಡ್ಡು ತೊಟ್ಟಿಕ್ಕುತ್ತಿದೆ, ಫಿಲ್ಟರ್ ತೊಳೆದರೂ ನಿಲ್ಲುತ್ತಿಲ್ಲ

ತುಂಗೆಯ ಮಗಳು, ಬೆಂಗಳೂರು (ಮಂಗಳವಾರ, ರಾತ್ರಿ 9:40)

ನಿನ್ನೆ ಬೆಳಿಗ್ಗೆ ಮಗನಿಗೆ ದೋಸೆ ಹುಯ್ಯುತ್ತಿದ್ದೆ. ಕಾವಲಿಯ ಮೇಲೆ ಕಂದು ಬಣ್ಣದ ಹನಿಯೊಂದು ಬಿತ್ತು. ಚುರ್ರೆಂದು ಹೊಗೆಯೆದ್ದು, ಕಮಟು ಎಣ್ಣೆಯ ವಾಸನೆ ಮನೆ ತುಂಬಿತು. ತಲೆಯೆತ್ತಿ ನೋಡಿದರೆ ಚಿಮಣಿಯ ಅಂಚಿನಲ್ಲಿ ಅಂಥವೇ ಇನ್ನೂ ನಾಲ್ಕು ಹನಿಗಳು ಬೀಳುವುದಕ್ಕೆ ಸಿದ್ಧವಾಗಿದ್ದವು. ಆ ದೋಸೆಯನ್ನು ಎಸೆದೆ.

ಚಿಮಣಿಗೆ ಆರು ವರ್ಷವಾಗಿದೆ. ಹದಿನೈದು ದಿನಕ್ಕೊಮ್ಮೆ ಫಿಲ್ಟರ್ ಬಿಚ್ಚಿ ಬಿಸಿನೀರಿನಲ್ಲಿ ತೊಳೆಯುತ್ತೇನೆ. ಆಟೋ ಕ್ಲೀನ್ ಗುಂಡಿಯೂ ಇದೆ, ಅದನ್ನೂ ಒತ್ತುತ್ತೇನೆ. ಕಳೆದ ತಿಂಗಳು ಸರ್ವೀಸಿನವರನ್ನು ಕರೆಸಿದ್ದೆ. ಏನೋ ದ್ರಾವಣ ಸಿಂಪಡಿಸಿ ಒರೆಸಿದರು, 1,800 ರೂಪಾಯಿ ತೆಗೆದುಕೊಂಡರು, "ಮೋಟರ್ ಸೋತಿದೆ, ಹೊಸ ಚಿಮಣಿ ಹಾಕಿಸಿ" ಎಂದು ಹೇಳಿ ಹೋದರು. ಎಂಟೇ ದಿನಕ್ಕೆ ಹನಿ ಮತ್ತೆ ಶುರುವಾಯಿತು.

ನನಗೆ ಹಣದ ಚಿಂತೆಗಿಂತ ದೊಡ್ಡ ಚಿಂತೆ ಬೇರೆ ಇದೆ. ನಮ್ಮ ಅತ್ತೆಯವರಿಗೆ ಉಬ್ಬಸ. ಈಚೆಗೆ ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕಿದರೆ ಘಾಟು ಹೊರಗೆ ಹೋಗದೆ ನಡುಮನೆಗೆ ಬರುತ್ತದೆ, ಅವರು ಕೆಮ್ಮುತ್ತಾ ಬಾಲ್ಕನಿಗೆ ಎದ್ದು ಹೋಗುತ್ತಾರೆ. ಪಕ್ಕದ ಮನೆಯವರು ಕಾಸ್ಟಿಕ್ ಸೋಡಾದಲ್ಲಿ ರಾತ್ರಿಯಿಡೀ ನೆನೆಸಿಡಲು ಹೇಳಿದ್ದಾರೆ. ಮಾಡಬಹುದೇ? ತಿಳಿದವರು ದಯವಿಟ್ಟು ಹೇಳಿ.

ರೊಟ್ಟಿಬುಟ್ಟಿ, ವಿಜಯಪುರ (ಮಂಗಳವಾರ, ರಾತ್ರಿ 10:05)

ಕಾಸ್ಟಿಕ್ ಮುಟ್ಟಬೇಡಿ ಅಕ್ಕಾ. ಎರಡು ವರ್ಷದ ಹಿಂದೆ ನಾನು ಅದೇ ತಪ್ಪು ಮಾಡಿದೆ. ಬಕೆಟ್ಟಿಗೆ ಬಿಸಿನೀರು ತುಂಬಿ, ಚರಂಡಿ ಕಟ್ಟಿಕೊಂಡಾಗ ಹಾಕುವ ಪುಡಿಯನ್ನು ಹಾಕಿ, ಜಾಲರಿಯ ಫಿಲ್ಟರನ್ನು ಅದರಲ್ಲಿ ಮುಳುಗಿಸಿದೆ. ಒಂದು ನಿಮಿಷದೊಳಗೆ ನೀರು ಕುದಿಯುವಂತೆ ಗುಳ್ಳೆ ಏಳತೊಡಗಿತು. ಬಕೆಟ್ ಕೈ ಸುಡುವಷ್ಟು ಕಾದಿತ್ತು, ಮೂಗಿಗೆ ಚುಚ್ಚುವ ಆವಿ ಬರುತ್ತಿತ್ತು. ಹೆದರಿ ಕೋಲಿನಿಂದ ಎತ್ತಿ ಹೊರಗೆ ಹಾಕಿದೆ. ಬೆಳ್ಳಗಿದ್ದ ಜಾಲರಿ ಕಪ್ಪಾಗಿತ್ತು, ಬೆರಳಿನಿಂದ ಒತ್ತಿದರೆ ಎಳೆಗಳು ಪುಡಿಯಾಗುತ್ತಿದ್ದವು. ಮುಂಗೈಗೆ ಸಿಡಿದ ಎರಡು ಹನಿಯ ಕಲೆ ಈಗಲೂ ಇದೆ.

ನಿವೃತ್ತ ರಸಾಯನ ಮೇಷ್ಟ್ರು, ಧಾರವಾಡ (ಬುಧವಾರ, ಬೆಳಿಗ್ಗೆ 6:15)

ರೊಟ್ಟಿಬುಟ್ಟಿಯವರ ಜಾಲರಿ ಅಲ್ಯೂಮಿನಿಯಂ ಆಗಿತ್ತು, ಅದಕ್ಕೇ ಹಾಗಾಯಿತು. ಅಲ್ಯೂಮಿನಿಯಂ ಮೇಲೆ ತೆಳುವಾದ ಆಕ್ಸೈಡ್ ಪದರವೊಂದು ಇರುತ್ತದೆ. ಲೋಹವನ್ನು ಕಾಯುವುದೇ ಆ ಪದರ. ಕಾಸ್ಟಿಕ್ ಸೋಡಾ ಮೊದಲು ಅದನ್ನು ಕರಗಿಸುತ್ತದೆ, ಬಳಿಕ ಲೋಹವನ್ನೇ ತಿನ್ನುತ್ತದೆ. ಆಗ ಏಳುವ ಗುಳ್ಳೆ ಜಲಜನಕ. ಕಿಡಿ ತಗುಲಿದರೆ ಹೊತ್ತಿಕೊಳ್ಳುವ ಅನಿಲ ಅದು. ಅಡುಗೆಮನೆಯಲ್ಲಿ, ಗ್ಯಾಸ್ ಒಲೆಯ ಪಕ್ಕದಲ್ಲಿ ಈ ಕೆಲಸ ಮಾಡುವವರಿದ್ದಾರೆ ಎಂದು ನೆನೆದರೆ ನನಗೆ ನಡುಕ ಬರುತ್ತದೆ. ಕಣ್ಣಿಗೆ ಸಿಡಿದರಂತೂ ಕೂಡಲೇ ಹರಿಯುವ ನೀರಿನಲ್ಲಿ ಇಪ್ಪತ್ತು ನಿಮಿಷ ತೊಳೆದು ವೈದ್ಯರಲ್ಲಿಗೆ ಓಡಬೇಕು.

ಇನ್ನು ಜಿಡ್ಡಿನ ಬಗ್ಗೆ. ಜಿಡ್ಡು ಎಂದು ಒಂದೇ ಹೆಸರಿನಿಂದ ಕರೆದರೂ ಅದರಲ್ಲಿ ಎರಡು ಬಗೆ. ನಿನ್ನೆ ಮೊನ್ನೆ ಕೂತದ್ದು ಇನ್ನೂ ಎಣ್ಣೆಯೇ, ಪಾತ್ರೆ ತೊಳೆಯುವ ಸೋಪಿಗೆ ಬಗ್ಗುತ್ತದೆ. ತಿಂಗಳುಗಟ್ಟಲೆ ಬಿಸಿ ಗಾಳಿ ಉಂಡ ಎಣ್ಣೆಯಾದರೋ ಆಮ್ಲಜನಕ ಹೀರಿಕೊಂಡು, ಅಣುವಿಗೆ ಅಣು ಹೆಣೆದುಕೊಂಡು ವಾರ್ನಿಷ್‌ನಂತೆ ಗಟ್ಟಿಯಾಗುತ್ತದೆ. ಅಗಸೆ ಎಣ್ಣೆಯನ್ನು ಬಣ್ಣಕ್ಕೆ, ವಾರ್ನಿಷ್‌ಗೆ ಬಳಸುತ್ತಿದ್ದುದು ಈ ಗುಣಕ್ಕಾಗಿಯೇ. ನಮ್ಮ ಕಡೆಯ ಕುಸುಬೆ ಎಣ್ಣೆಯೂ ಅದೇ ಜಾತಿಗೆ ಹತ್ತಿರ, ಸೂರ್ಯಕಾಂತಿಯೂ ಹಾಗೆಯೇ. ಶೇಂಗಾ ಎಣ್ಣೆ ನಿಧಾನ. ಹಾಗಾಗಿ ಒಬ್ಬರ ಮನೆಯಲ್ಲಿ ಒರೆಸಿದರೆ ಹೋಗುವ ಜಿಡ್ಡು ಇನ್ನೊಬ್ಬರ ಮನೆಯಲ್ಲಿ ಉಗುರಿಗೂ ಜಗ್ಗುವುದಿಲ್ಲ.

ಹಳೆಯ ಜಿಡ್ಡಿಗೆ ಬೇಕಾದದ್ದು ಕ್ಷಾರ, ಬಿಸಿ ಮತ್ತು ಸಮಯ. ನಮ್ಮ ಅಜ್ಜಿಯರು ಒಲೆಯ ಬೂದಿಯಿಂದ ಪಾತ್ರೆ ಬೆಳಗುತ್ತಿದ್ದರಲ್ಲ, ಬೂದಿಯಲ್ಲಿರುವುದು ಪೊಟ್ಯಾಸಿಯಂ ಕಾರ್ಬೊನೇಟ್. ಅಂಗಡಿಯಲ್ಲಿ ಸಿಗುವ ವಾಷಿಂಗ್ ಸೋಡಾ ಅದರದೇ ಸೋದರ, ಸೋಡಿಯಂ ಕಾರ್ಬೊನೇಟ್. ಎಣ್ಣೆಯ ಒಂದಷ್ಟು ಪಾಲನ್ನು ಅದು ಸಾಬೂನಾಗಿಸುತ್ತದೆ, ಆ ಸಾಬೂನು ಉಳಿದ ಎಣ್ಣೆಯನ್ನು ಎತ್ತಿಕೊಂಡು ಬರುತ್ತದೆ. ಸ್ಟೀಲ್ ಫಿಲ್ಟರ್ ಆದರೆ ಐದು ಲೀಟರ್ ಬಿಸಿನೀರಿಗೆ ಒಂದು ದೊಡ್ಡ ಹಿಡಿ ವಾಷಿಂಗ್ ಸೋಡಾ, ಎರಡು ಚಮಚ ಪಾತ್ರೆ ಸೋಪಿನ ದ್ರವ, ಮುಕ್ಕಾಲು ಗಂಟೆ. ಕೈಗವಸು ಬೇಕೇ ಬೇಕು. ಅಲ್ಯೂಮಿನಿಯಂ ಆದರೆ ವಾಷಿಂಗ್ ಸೋಡಾ ಕೂಡ ಬೇಡ, ಬಣ್ಣ ಕೆಡುತ್ತದೆ. ಬರೀ ಸೋಪು, ಬಿಸಿನೀರು.

ಯಾವ ಲೋಹ ಎಂದು ತಿಳಿಯಲು ಅಯಸ್ಕಾಂತ ಹಚ್ಚಿ ನೋಡಿ ಎನ್ನುತ್ತಾರೆ. ಅಂಟಿದರೆ ಸ್ಟೀಲ್, ಸರಿ. ಅಂಟದಿದ್ದರೆ ಅಲ್ಯೂಮಿನಿಯಂ ಎಂದು ತೀರ್ಮಾನಿಸಬೇಡಿ. ಒಳ್ಳೆಯ ಸ್ಟೀಲಿನ ಕೆಲವು ಬಗೆಗಳಿಗೂ ಅಯಸ್ಕಾಂತ ಅಂಟುವುದಿಲ್ಲ. ಸಂಶಯವಿದ್ದರೆ ಅಲ್ಯೂಮಿನಿಯಂ ಎಂದೇ ಭಾವಿಸಿ ತೊಳೆಯಿರಿ, ನಷ್ಟವಿಲ್ಲ.

ಕಡಲ ತೀರದವಳು, ಮಂಗಳೂರು (ಬುಧವಾರ, ಬೆಳಿಗ್ಗೆ 8:30)

ಮೇಷ್ಟ್ರು ತೆಂಗಿನೆಣ್ಣೆಯನ್ನು ಬಿಟ್ಟಿರಿ. ನಮ್ಮ ಮನೆಯಲ್ಲಿ ಅದೇ ಎಣ್ಣೆ. ಹತ್ತು ವರ್ಷದ ಚಿಮಣಿಯಲ್ಲೂ ಜಿಡ್ಡು ಗಟ್ಟಿಯಾಗಿಲ್ಲ, ಬಿಸಿನೀರು ಬಿದ್ದರೆ ಜಾರಿ ಹೋಗುತ್ತದೆ. ಆದರೆ ಬೆಂಗಳೂರಿನಲ್ಲಿರುವ ತಂಗಿಯ ಮನೆಯಲ್ಲಿ ಡಿಸೆಂಬರ್ ತಿಂಗಳಲ್ಲಿ ಪೈಪಿನೊಳಗೆ ಬೆಳ್ಳಗೆ ಮೇಣದಂತೆ ಕಟ್ಟಿಕೊಂಡಿತ್ತು.

ನಿವೃತ್ತ ರಸಾಯನ ಮೇಷ್ಟ್ರು, ಧಾರವಾಡ (ಬುಧವಾರ, ಬೆಳಿಗ್ಗೆ 9:10)

ಸರಿಯಾಗಿ ನೋಡಿದ್ದೀರಿ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗೆ ಹೆಪ್ಪುಗಟ್ಟುತ್ತದೆ. ಮಂಗಳೂರಿನಲ್ಲಿ ಆ ಚಳಿ ಕಡಿಮೆ, ಬೆಂಗಳೂರಿನ ಡಿಸೆಂಬರಿನಲ್ಲಿ ದಿನವೂ ಉಂಟು. ಆದರೆ ಅದು ಬರೀ ಹೆಪ್ಪು, ವಾರ್ನಿಷ್ ಅಲ್ಲ. ಕಾಯಿಸಿದರೆ ಕರಗುತ್ತದೆ.

ಹೊಸ ಗೃಹಿಣಿ, ಮೈಸೂರು (ಬುಧವಾರ, ಬೆಳಿಗ್ಗೆ 11:20)

ನಾನು ಅಡುಗೆ ಸೋಡಾ ಮೇಲೆ ವಿನೆಗರ್ ಸುರಿಯುತ್ತೇನೆ. ನೊರೆ ಚೆನ್ನಾಗಿ ಬರುತ್ತದೆ. ವಿಡಿಯೋಗಳಲ್ಲೆಲ್ಲ ಅದನ್ನೇ ತೋರಿಸುತ್ತಾರೆ. ಅದು ಸಾಲದೇ? ಸೀಮೆಎಣ್ಣೆಯಲ್ಲಿ ಒರೆಸಬಹುದು ಎಂದೂ ಒಬ್ಬರು ಹೇಳಿದರು.

ನಿವೃತ್ತ ರಸಾಯನ ಮೇಷ್ಟ್ರು, ಧಾರವಾಡ (ಬುಧವಾರ, ಮಧ್ಯಾಹ್ನ 12:00)

ನೊರೆ ಕಣ್ಣಿಗೆ ಹಬ್ಬ, ಜಿಡ್ಡಿಗೆ ಏನೂ ಆಗದು ತಾಯಿ. ಸೋಡಾ ಕ್ಷಾರ, ವಿನೆಗರ್ ಆಮ್ಲ. ಎರಡೂ ಒಂದನ್ನೊಂದು ತೀರಿಸಿಕೊಂಡು ಇಂಗಾಲದ ಡೈಆಕ್ಸೈಡ್ ಹಾರಿಹೋಗುತ್ತದೆ, ಕೆಳಗೆ ಉಳಿಯುವುದು ಉಪ್ಪುನೀರಿನಂಥ ದ್ರಾವಣ. ಕೆಲಸ ಮಾಡಿದ್ದು ನಿಮ್ಮ ಕೈ ಮತ್ತು ಸ್ಕ್ರಬ್ಬರ್. ಸೀಮೆಎಣ್ಣೆ ಖಂಡಿತ ಬೇಡ. ಮುಚ್ಚಿದ ಡಬ್ಬಿಯೊಳಗೆ ಅದರ ಆವಿ, ಪಕ್ಕದಲ್ಲೇ ಮೋಟರ್, ಕೆಳಗೆ ಒಲೆ. ಬ್ಲೀಚಿಂಗ್ ದ್ರವವನ್ನು ಯಾವ ಆಮ್ಲದೊಂದಿಗೂ ಬೆರೆಸಬೇಡಿ, ಕ್ಲೋರಿನ್ ಅನಿಲ ಬರುತ್ತದೆ.

ಇನ್ನೊಂದು ಮಾತು. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ತೊಳೆಯುವವರಿಗೆ ಫಿಲ್ಟರ್ ತೊಳೆದ ಮೇಲೂ ಬೂದುಬಣ್ಣದ ಅಂಟು ಉಳಿಯುತ್ತದೆ. ಅದು ಸುಣ್ಣದ ಅಂಶದೊಂದಿಗೆ ಸೇರಿದ ಸಾಬೂನು. ವಾಷಿಂಗ್ ಸೋಡಾವನ್ನು ನೀರಿಗೆ ಮೊದಲು ಹಾಕಿ ಐದು ನಿಮಿಷ ಬಿಟ್ಟು, ಆಮೇಲೆ ಸೋಪು ಹಾಕಿ.

ಬಾಣಲೆಯ ಮುಂದೆ, ಉಡುಪಿ (ಬುಧವಾರ, ರಾತ್ರಿ 11:15)

ನಾನು ಹೋಟೆಲ್ ಅಡುಗೆಮನೆಯಲ್ಲಿ 22 ವರ್ಷದಿಂದ ದುಡಿಯುತ್ತಿದ್ದೇನೆ. ಈಗಷ್ಟೇ ಕೆಲಸ ಮುಗಿಸಿ ಇದನ್ನೆಲ್ಲ ಓದಿದೆ. ಎಲ್ಲರೂ ಫಿಲ್ಟರಿನ ಬಗ್ಗೆಯೇ ಮಾತನಾಡುತ್ತಿದ್ದೀರಿ. ತುಂಗೆಯ ಮಗಳು ಅಮ್ಮಾ, ನಿಮ್ಮ ಫಿಲ್ಟರ್ ಶುಚಿಯಾಗಿಯೇ ಇದೆ, ಹನಿ ಬರುತ್ತಿರುವುದು ಅಲ್ಲಿಂದಲ್ಲ. ಪೈಪ್ ಎಲ್ಲಿ ಹೋಗುತ್ತದೆ? ಎಷ್ಟು ಉದ್ದ? ಎಷ್ಟು ತಿರುವು? ನಡುವೆ ಎಲ್ಲಾದರೂ ಜೋತುಬಿದ್ದಿದೆಯೇ? ಅದನ್ನು ಮೊದಲು ಹೇಳಿ.

ಫಿಲ್ಟರ್ ಹಿಡಿಯುವುದು ದೊಡ್ಡ ಹನಿಗಳನ್ನು ಮಾತ್ರ. ಆವಿಯಾದ ಎಣ್ಣೆ ಅದನ್ನು ದಾಟಿಕೊಂಡು ಹೋಗಿ, ತಣ್ಣಗಿನ ಪೈಪ್ ಸಿಕ್ಕಲ್ಲಿ ಮತ್ತೆ ಎಣ್ಣೆಯಾಗಿ ಕೂರುತ್ತದೆ. ಆಟೋ ಕ್ಲೀನ್ ಕೂಡ ಫ್ಯಾನಿನ ಸುತ್ತಲಿನ ಜಿಡ್ಡನ್ನು ಕಾಯಿಸಿ ಕೆಳಗಿನ ಬಟ್ಟಲಿಗೆ ಇಳಿಸುತ್ತದೆಯೇ ಹೊರತು ಪೈಪನ್ನು ಮುಟ್ಟುವುದಿಲ್ಲ. ನಮ್ಮಲ್ಲಿ ರಾತ್ರಿ ಒಲೆ ಆರಿಸಿದ ಮೇಲೆ ಫಿಲ್ಟರ್ ನೆನೆಹಾಕದೆ ಯಾರೂ ಮನೆಗೆ ಹೋಗುವಂತಿಲ್ಲ. ಆದರೂ ಪೈಪಿನಲ್ಲಿ ಎರಡು ಕಡೆ ಬಾಗಿಲು ಇಟ್ಟಿದ್ದೇವೆ, ಒಳಗೆ ಕೈ ಹಾಕಿ ಕೆರೆಯಲು. ಅಮೆರಿಕದವರ ಎನ್‌ಎಫ್‌ಪಿಎ 96 ಎಂಬ ಅಗ್ನಿಸುರಕ್ಷತೆಯ ನಿಯಮವಿದೆ. ಅದರ ಪ್ರಕಾರ ಸೌದೆ, ಇದ್ದಿಲು ಉರಿಸುವ ಹೋಟೆಲುಗಳು ತಿಂಗಳಿಗೊಮ್ಮೆ, ಹಗಲೂ ರಾತ್ರಿ ನಡೆಯುವವು ಮೂರು ತಿಂಗಳಿಗೊಮ್ಮೆ, ಸಾಧಾರಣ ವ್ಯಾಪಾರದವು ಆರು ತಿಂಗಳಿಗೊಮ್ಮೆ ಹೊಗೆಪೈಪನ್ನು ಪರೀಕ್ಷಿಸಬೇಕು. ಮನೆಗೆ ಅಂಥ ನಿಯಮವೇನೂ ಇಲ್ಲ, ಹಾಗಾಗಿ ಆರು ವರ್ಷ ಯಾರೂ ತೆರೆಯುವುದಿಲ್ಲ.

ಬಾಣಲೆಗೆ ಬೆಂಕಿ ಹತ್ತಿದಾಗ ಚಿಮಣಿ ಓಡುತ್ತಿದ್ದರೆ ಜ್ವಾಲೆಯನ್ನು ಅದು ಮೇಲಕ್ಕೆಳೆಯುತ್ತದೆ. ಮೇಲೆ ಎಣ್ಣೆ ತುಂಬಿದ ಪೈಪ್ ಇದ್ದರೆ ಏನಾಗುತ್ತದೆ ಎಂಬುದನ್ನು ಒಮ್ಮೆ ಕಣ್ಣಾರೆ ಕಂಡಿದ್ದೇನೆ, ಇನ್ನೊಮ್ಮೆ ಕಾಣಲಾರೆ. ಬಾಣಲೆ ಹೊತ್ತಿಕೊಂಡರೆ ಗ್ಯಾಸ್ ಬಂದ್, ಚಿಮಣಿ ಬಂದ್, ಬಾಣಲೆಗೆ ಮುಚ್ಚಳ. ನೀರು ಮಾತ್ರ ಎರಚಬೇಡಿ.

ತುಂಗೆಯ ಮಗಳು, ಬೆಂಗಳೂರು (ಗುರುವಾರ, ಮಧ್ಯಾಹ್ನ 2:30)

ನಿಮ್ಮ ಮಾತು ಓದಿ ಏಣಿ ಹಾಕಿ ಅಟ್ಟದ ಬಾಗಿಲು ತೆರೆದು ನೋಡಿದೆ. ಆರು ವರ್ಷದಲ್ಲಿ ಇದೇ ಮೊದಲು. ಸುಕ್ಕುಸುಕ್ಕಿನ ಅಲ್ಯೂಮಿನಿಯಂ ಪೈಪ್, ಟೇಪು ಹಿಡಿದು ಅಳೆದರೆ ಹನ್ನೆರಡು ಅಡಿ. ಮೂರು ತಿರುವು. ಎರಡು ಕೊಕ್ಕೆಗಳ ನಡುವೆ ತೊಟ್ಟಿಲಿನಂತೆ ಕೆಳಕ್ಕೆ ಜೋತುಬಿದ್ದಿದೆ. ಕೈಯಿಂದ ಎತ್ತಿದರೆ ಒಳಗೆ ಏನೋ ಹೊರಳಿದ ಸದ್ದು ಬಂತು.

ಚಿಮಣಿ ಕೂರಿಸುವವನು, ಹುಬ್ಬಳ್ಳಿ (ಗುರುವಾರ, ರಾತ್ರಿ 8:45)

ಅಕ್ಕಾ, ಹೊರಳಿದ್ದು ಎಣ್ಣೆ. ನಾನು 14 ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ನಮ್ಮ ಕಸುಬಿನವರ ತಪ್ಪನ್ನು ನಾನೇ ಹೇಳಬೇಕು. ಪೈಪನ್ನು ಅಳತೆಗೆ ಕತ್ತರಿಸದೆ, ಎಳೆದು ಬಿಗಿ ಮಾಡದೆ, ಉಳಿದ ಉದ್ದವನ್ನು ಅಟ್ಟದಲ್ಲಿ ತುರುಕಿ ಬರುವವರು ಬಹಳ ಜನ. ಸುಕ್ಕಿನ ಒಂದೊಂದು ಮಡಿಕೆಯೂ ಒಂದೊಂದು ಎಣ್ಣೆಯ ಬಟ್ಟಲು. ಜೋಲು ಬಿದ್ದ ಕಡೆ ತುಂಬಿದ ಎಣ್ಣೆ ಒಂದು ಮಟ್ಟ ದಾಟಿದ ಮೇಲೆ ಇಳಿಜಾರು ಸಿಕ್ಕತ್ತ ಹರಿಯುತ್ತದೆ. ನಿಮ್ಮಲ್ಲಿ ಅದು ಚಿಮಣಿಯ ಕಡೆಗಿದೆ.

ನೀವೇ ಬಿಚ್ಚುವುದಾದರೆ ಹೀಗೆ ಮಾಡಿ. ಚಿಮಣಿಯ ಪ್ಲಗ್ಗನ್ನು ಗೋಡೆಯಿಂದ ಕೀಳಿ, ಗುಂಡಿ ಒತ್ತಿ ನಿಲ್ಲಿಸಿದರೆ ಸಾಲದು. ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡಿ. ಒಲೆಯ ಮೇಲೆ ಹಳೆಯ ಪತ್ರಿಕೆ ದಪ್ಪವಾಗಿ ಹಾಸಿ. ಜೋಲು ಬಿದ್ದ ಭಾಗವನ್ನು ಒಬ್ಬರು ಎರಡೂ ಕೈಯಲ್ಲಿ ಹಿಡಿದಿರಬೇಕು, ಇನ್ನೊಬ್ಬರು ಕ್ಲಾಂಪ್ ಸಡಿಲಿಸಬೇಕು. ಬಿಚ್ಚಿದ ಕೂಡಲೇ ಎರಡು ತುದಿಗೂ ಪ್ಲಾಸ್ಟಿಕ್ ಚೀಲ ಕಟ್ಟಿ, ಇಲ್ಲದಿದ್ದರೆ ಅಟ್ಟದ ಹಾಸಿಗೆ ಬಟ್ಟೆಗಳೆಲ್ಲ ಹಾಳು. ಆ ಪೈಪನ್ನು ತೊಳೆಯುವ ಗೋಜಿಗೆ ಹೋಗಬೇಡಿ. ಕಾಗದದಷ್ಟು ತೆಳುವಾಗಿರುತ್ತದೆ, ಉಜ್ಜಿದರೆ ಹರಿಯುತ್ತದೆ. ಬಿಸಾಡಿ ಹೊಸದು ಹಾಕಿಸಿ.

ಹೊಸದು ನುಣುಪು ಒಳಮೈಯ ಗಟ್ಟಿ ತಗಡಿನ ಪೈಪ್ ಆಗಿರಲಿ. ಸಾಧ್ಯವಾದಷ್ಟು ಗಿಡ್ಡ, ಸಾಧ್ಯವಾದಷ್ಟು ನೇರ, ಹೊರಗಿನ ಕಡೆಗೆ ತುಸು ಇಳಿಜಾರು. ಮತ್ತೊಂದು ಮುಖ್ಯ ವಿಷಯ: ಗೋಡೆಯ ತೂತು ಎಷ್ಟಿದೆ ಎಂದು ಅಳೆಯಿರಿ. ಚಿಮಣಿಯ ಬಾಯಿ ಆರು ಇಂಚು ಇದ್ದು ಗೋಡೆಯಲ್ಲಿ ನಾಲ್ಕು ಇಂಚಿನ ತೂತಿದ್ದರೆ, ದಾರಿಯ ವಿಸ್ತೀರ್ಣ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಎಷ್ಟು ದೊಡ್ಡ ಮೋಟರ್ ಹಾಕಿದರೂ ಸದ್ದು ಹೆಚ್ಚುತ್ತದೆ, ಹೊಗೆ ಹೋಗುವುದಿಲ್ಲ. "ಮೋಟರ್ ಸೋತಿದೆ" ಎಂದ ಮನೆಗಳಲ್ಲಿ ನಾನು ಮೊದಲು ನೋಡುವುದೇ ಆ ತೂತನ್ನು.

ದೂರ ಸೇರಿದವ, ನ್ಯೂಜೆರ್ಸಿ (ಶುಕ್ರವಾರ, ಬೆಳಿಗ್ಗೆ 7:50)

ಹುಬ್ಬಳ್ಳಿಯವರು ಹೇಳಿದ್ದು ಇಲ್ಲಿ ಕಟ್ಟಡದ ನಿಯಮದಲ್ಲೇ ಇದೆ. ಅಮೆರಿಕದ ಮನೆಗಳ ಮಾದರಿ ಸಂಹಿತೆಯ ಪ್ರಕಾರ ಒಲೆಯ ಮೇಲಿನ ಹೊಗೆಪೈಪಿನ ಒಳಮೈ ನುಣುಪಾಗಿರಬೇಕು, ಅದು ಸತು ಲೇಪಿಸಿದ ಉಕ್ಕು, ಸ್ಟೇನ್‌ಲೆಸ್ ಸ್ಟೀಲ್ ಇಲ್ಲವೇ ತಾಮ್ರದ್ದಾಗಿರಬೇಕು, ಅಟ್ಟದೊಳಗೆ ಕೊನೆಯಾಗಬಾರದು. ಆದರೆ ನನ್ನ ಬಾಡಿಗೆ ಮನೆಯಲ್ಲಿ ಪೈಪೇ ಇಲ್ಲ. ಒಲೆಯ ಮೇಲೆ ಕೂರಿಸಿದ ಮೈಕ್ರೋವೇವ್ ಓವನ್ನಿನ ಕೆಳಗಿನ ಫ್ಯಾನ್ ಹೊಗೆಯನ್ನು ಇದ್ದಿಲ ಫಿಲ್ಟರಿನ ಮೂಲಕ ತಳ್ಳಿ ಮತ್ತೆ ಅಡುಗೆಮನೆಗೇ ಬಿಡುತ್ತದೆ. ಇದ್ದಿಲ ಫಿಲ್ಟರನ್ನು ತೊಳೆಯುವಂತಿಲ್ಲ, ಬದಲಿಸಲೇಬೇಕು ಎಂದು ನನಗೆ ಗೊತ್ತಾದದ್ದು ಮೂರು ವರ್ಷದ ಬಳಿಕ. ಅಷ್ಟರಲ್ಲಿ ಕಪಾಟಿನ ಮೇಲೆಲ್ಲ ಇಲ್ಲಣ, ಅಂದರೆ ಹೊಗೆಯ ಮಸಿ, ಕಟ್ಟಿತ್ತು.

ಅಜ್ಜಿಮನೆ, ತೀರ್ಥಹಳ್ಳಿ (ಶುಕ್ರವಾರ, ಬೆಳಿಗ್ಗೆ 10:30)

ಇಲ್ಲಣ ಎಂಬ ಮಾತು ಕೇಳಿ ಎಷ್ಟು ಕಾಲವಾಗಿತ್ತು. ನಮ್ಮ ಮನೆಗೆ 1980ರ ದಶಕದಲ್ಲಿ ಅಸ್ತ್ರ ಒಲೆ ಬಂತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಹಳ್ಳಿಗಳಿಗೆಂದು ರೂಪಿಸಿದ ಹೊಗೆಕೊಳವೆಯ ಒಲೆ ಅದು. ಹೊಗೆ ಕಣ್ಣಿಗೆ ಬಾರದೆ ಅಡುಗೆ ಮಾಡಿದ ಮೊದಲ ದಿನ ನಮ್ಮ ಅಮ್ಮ ಪದೇ ಪದೇ ಹೊರಗೆ ಹೋಗಿ ಕೊಳವೆಯ ತುದಿ ನೋಡಿ ಬರುತ್ತಿದ್ದರು. ಕೊಳವೆಯಲ್ಲಿ ಮಸಿ ಕಟ್ಟಿದರೆ ಹೊಗೆ ಹಿಂದಕ್ಕೆ ತಿರುಗುತ್ತಿತ್ತು. ಹಗ್ಗಕ್ಕೆ ಗೋಣಿಯ ಉಂಡೆ ಕಟ್ಟಿ ಮೇಲಿನಿಂದ ಇಳಿಬಿಟ್ಟು ಎಳೆಯುವುದು ಅಣ್ಣನ ಕೆಲಸ, ತಿಂಗಳಿಗೊಮ್ಮೆ ತಪ್ಪದೆ. ಒಲೆಯ ಜೊತೆಗೆ ಕೊಳವೆಯೂ ಮನೆಯದೇ ಎಂಬ ತಿಳಿವಳಿಕೆ ಆಗ ಇತ್ತು.

ತುಂಗೆಯ ಮಗಳು, ಬೆಂಗಳೂರು (ಭಾನುವಾರ, ರಾತ್ರಿ 9:20)

ಇವತ್ತು ಬಿಚ್ಚಿದೆವು. ಎಲ್ಲವನ್ನೂ ಬರೆಯುತ್ತೇನೆ, ಯಾರಿಗಾದರೂ ಉಪಯೋಗವಾಗಲಿ.

ನಮ್ಮೆಜಮಾನರು ಪೈಪಿನ ಜೋಲನ್ನು ಹಿಡಿದುಕೊಂಡರು, ಬಡಾವಣೆಯ ಪ್ಲಂಬರ್ ಕ್ಲಾಂಪ್ ತಿರುಗಿಸಿದರು, ನಾನು ಚೀಲ ಹಿಡಿದು ನಿಂತಿದ್ದೆ. ತುದಿಯನ್ನು ಹಳೆಯ ಬಣ್ಣದ ಡಬ್ಬಿಗೆ ಬಗ್ಗಿಸಿದಾಗ ಮೊದಲು ಏನೂ ಬರಲಿಲ್ಲ. ಆಮೇಲೆ ಜೋನಿಬೆಲ್ಲದಂತೆ, ಅದೇ ಬಣ್ಣ, ಅದೇ ಮಂದ, ಎಳೆಯಾಗಿ ಇಳಿಯತೊಡಗಿತು. ಹತ್ತು ನಿಮಿಷ ಇಳಿಯಿತು. ಡಬ್ಬಿಯಲ್ಲಿ ಮುಕ್ಕಾಲು ಲೀಟರ್ ಎಣ್ಣೆ, ಅದರಲ್ಲಿ ಎರಡು ಸತ್ತ ಜಿರಳೆ. ಪೈಪಿನ ಸುಕ್ಕಿನೊಳಗೆ ಬೆರಳಾಡಿಸಿದರೆ, ತುಪ್ಪ ಕಾಯಿಸಿದ ಪಾತ್ರೆಯ ತಳದ ಗಸಿಯಂಥದ್ದು ಉಗುರ ತುಂಬ ಬಂತು. ಆರು ವರ್ಷದ ನಮ್ಮ ದೀಪಾವಳಿ, ಗೌರಿ ಹಬ್ಬದ ಚಕ್ಕುಲಿ, ಕಜ್ಜಾಯಗಳ ಎಣ್ಣೆಯೆಲ್ಲ ನಾವು ಮಲಗುವ ಕೋಣೆಯ ಗೋಡೆಗೆ ತಾಗಿಕೊಂಡೇ ಕೂತಿತ್ತು. ನನ್ನ ಕೈ ನಡುಗಿತು.

ಹೊರಗಿನ ತುದಿಯಲ್ಲಿ ಗಾಳಿ ಹಿಂದಕ್ಕೆ ಬಾರದಂತೆ ತಡೆಯುವ ರೆಕ್ಕೆಗಳಿದ್ದವು. ಜಿಡ್ಡಿನಿಂದ ಅಂಟಿಕೊಂಡು ಅರ್ಧ ಮುಚ್ಚಿಯೇ ನಿಂತಿದ್ದವು. ಪಾರಿವಾಳಕ್ಕೆಂದು ಯಾರೋ ಸೊಳ್ಳೆ ಪರದೆಯ ಜಾಲರಿ ಬಡಿದಿದ್ದರು, ಅದರ ಕಣ್ಣುಗಳೆಲ್ಲ ಕಪ್ಪಾಗಿ ಮುಚ್ಚಿಹೋಗಿದ್ದವು. ಗೋಡೆಯ ತೂತು ಅಳೆದೆ. ಹುಬ್ಬಳ್ಳಿಯ ಅಣ್ಣ ಹೇಳಿದಂತೆಯೇ, ನಾಲ್ಕು ಇಂಚು. ಆರಿಂಚಿನ ಪೈಪನ್ನು ಹಿಸುಕಿ, ಮಡಿಚಿ ಅದರೊಳಗೆ ತುರುಕಿ ಟೇಪು ಸುತ್ತಿದ್ದರು.

ಅಪಾರ್ಟ್‌ಮೆಂಟಿನ ಸಂಘದವರ ಒಪ್ಪಿಗೆ ನಿನ್ನೆಯೇ ಕೇಳಿದ್ದೆ. ಅಟ್ಟದ ದಾರಿ ಬಿಟ್ಟು, ನೇರವಾಗಿ ಯುಟಿಲಿಟಿ ಗೋಡೆಗೆ ಆರಿಂಚಿನ ಹೊಸ ತೂತು ಕೊರೆಸಿದೆವು. ಈಗ ಐದೂವರೆ ಅಡಿ ತಗಡಿನ ಪೈಪ್, ಒಂದೇ ತಿರುವು. ಹೊರಗೆ ಅರ್ಧ ಇಂಚಿನ ಕಣ್ಣಿನ ಜಾಲರಿ. ಫ್ಯಾನಿನ ರೆಕ್ಕೆಗಳನ್ನು ಮೇಷ್ಟ್ರು ಹೇಳಿದ ಸೋಡಾ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಮೂರು ಸಲ ಒರೆಸಿದೆ. ಮೋಟರಿಗೆ ನೀರು ತಾಗಿಸಲಿಲ್ಲ.

ಕೆಲಸ ಮುಗಿದ ಮೇಲೆ ಊದುಬತ್ತಿ ಹಚ್ಚಿ ಚಿಮಣಿಯ ಕೆಳಗೆ ಹಿಡಿದೆ. ಬೆಳಿಗ್ಗೆ ಅದೇ ಹೊಗೆ ಅತ್ತಿತ್ತ ಅಲೆದು ನನ್ನ ಮುಖಕ್ಕೇ ಬಂದಿತ್ತು. ಈಗ ದಾರ ಎಳೆದಂತೆ ನೆಟ್ಟಗೆ ಮೇಲಕ್ಕೆ ಹೋಯಿತು. ಮೋಟರ್ ಹಳೆಯದೇ. ರಾತ್ರಿ ಸಾರಿಗೆ ಬ್ಯಾಡಗಿ ಮೆಣಸಿನಕಾಯಿಯ ಒಗ್ಗರಣೆ ಹಾಕಿದೆ. ಅತ್ತೆ ನಡುಮನೆಯಲ್ಲಿ ಕೂತೇ ಇದ್ದರು.

ಹೊಸ ಗೃಹಿಣಿ, ಮೈಸೂರು (ಭಾನುವಾರ, ರಾತ್ರಿ 9:55)

ಓದುತ್ತಾ ಮೈ ಜುಮ್ಮೆಂದಿತು ಅಕ್ಕಾ. ಆ ಮುಕ್ಕಾಲು ಲೀಟರ್ ಎಣ್ಣೆಯನ್ನು ಏನು ಮಾಡಿದಿರಿ? ಸಿಂಕಿಗೆ ಸುರಿಯಬಹುದೇ?

ನಿವೃತ್ತ ರಸಾಯನ ಮೇಷ್ಟ್ರು, ಧಾರವಾಡ (ಸೋಮವಾರ, ಬೆಳಿಗ್ಗೆ 6:05)

ಸಿಂಕಿಗೆ ಬೇಡ ತಾಯಿ, ಮುಂದೆ ಹೋಗಿ ಕೊಳವೆ ಕಟ್ಟುತ್ತದೆ. ಮರದ ಹೊಟ್ಟು ಇಲ್ಲವೇ ಪತ್ರಿಕೆಗೆ ಹೀರಿಸಿ ಕಸಕ್ಕೆ ಕೊಡಿ. ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಹಾಕಬೇಡಿ. ಗಾಳಿಗೆ ಒಣಗುವ ಎಣ್ಣೆ ಹೀರಿದ ಬಟ್ಟೆ ಒಳಗೊಳಗೇ ಬಿಸಿಯಾಗುತ್ತದೆ, ಅಗಸೆ ಎಣ್ಣೆಯ ಬಟ್ಟೆಗಳು ತಾವಾಗಿ ಹೊತ್ತಿಕೊಂಡದ್ದುಂಟು. ಹರವಿ ಒಣಗಿಸಿ, ಆಮೇಲೆ ಎಸೆಯಿರಿ.

ತುಂಗೆಯ ಮಗಳು, ಬೆಂಗಳೂರು (ಸೋಮವಾರ, ಬೆಳಿಗ್ಗೆ 9:30)

ಹಾಗೆಯೇ ಮಾಡಿದೆ ಮೇಷ್ಟ್ರೇ. ಒಂದು ವಿಷಯ ಈಗಷ್ಟೇ ತಿಳಿಯಿತು. ನಮ್ಮ ಕೆಳಗಿನ 302ರಲ್ಲೂ ಅದರ ಕೆಳಗಿನ 202ರಲ್ಲೂ ಅಡುಗೆಮನೆಯ ಗೋಡೆಯಲ್ಲಿ ನಾಲ್ಕಿಂಚಿನ ತೂತೇ ಇದೆಯಂತೆ, ಒಂದೇ ಕಡೆ, ಒಂದೇ ಅಳತೆ. 302ರ ಅಜ್ಜಿಗೆ ಏಣಿ ಹತ್ತಲು ಆಗುವುದಿಲ್ಲ. ಸಂಜೆ ಟಾರ್ಚು, ಪ್ಲಾಸ್ಟಿಕ್ ಚೀಲ ಮತ್ತು ಬಣ್ಣದ ಡಬ್ಬಿ ತೆಗೆದುಕೊಂಡು ಅಲ್ಲಿಗೆ ಹೋಗುತ್ತಿದ್ದೇನೆ.